ಬಚ್ಚಲುಮನೆ ನವೀಕರಣದ ಲೋಪಗಳ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಬೆಂಗಳೂರು

ವಿಷಯ: ವಿಜಯನಗರದ ನಮ್ಮ ಮನೆಯ ಮೊದಲ ಮಹಡಿಯ ಬಚ್ಚಲುಮನೆ – ಸೋರಿಕೆ, ಬಿಸಿನೀರಿನ ತೊಂದರೆ, ಜಾರುವ ನೆಲ

ಮಾನ್ಯರೇ,

ನಿಮ್ಮ ಸಂಸ್ಥೆಯಿಂದ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಿಕೊಂಡವರು ನಾವು. ಕೆಲಸ ಮುಗಿದ ದಿನ ನಿಮ್ಮವರು ಬಂದು, ಲೈಟು ಹಾಕಿ, ಗಿಡ ಇಟ್ಟು ಫೋಟೊ ತೆಗೆದುಕೊಂಡು ಹೋದರು. ಫೋಟೊ ಚೆನ್ನಾಗಿಯೇ ಬಂದಿದೆ. ಸ್ನಾನ ಮಾಡುವುದಕ್ಕೆ ಮಾತ್ರ ಆಗುತ್ತಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೆಲ್ಲ ಒಂದು ಹೊಸ ಟಿಕೆಟ್ ನಂಬರ್ ಬರುತ್ತದೆ, ಹಳೆಯದು ತಾನಾಗಿಯೇ ‘ಪರಿಹರಿಸಲಾಗಿದೆ’ ಎಂದಾಗುತ್ತದೆ. ಯಾರು ಪರಿಹರಿಸಿದರೋ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ಎಲ್ಲಕ್ಕಿಂತ ಮೊದಲು ಸೋರಿಕೆಯ ವಿಷಯ. ಕೆಳಗಿನ ಮನೆಯ ಬಾಡಿಗೆದಾರರ ಅಡುಗೆಮನೆ ಸೂರಿನಲ್ಲಿ, ಸರಿಯಾಗಿ ನಮ್ಮ ಬಚ್ಚಲಿನ ಕೆಳಗೆ, ತೇವ ಕಾಣಿಸಿಕೊಂಡು ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿದೆ. ನಿಮ್ಮ ಅಂದಾಜುಪಟ್ಟಿಯಲ್ಲಿ ‘ವಾಟರ್‌ಪ್ರೂಫಿಂಗ್, 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಸಹಿತ’ ಎಂದು ಪ್ರತ್ಯೇಕ ಸಾಲಿದೆ. ಅದಕ್ಕೆ ದುಡ್ಡೂ ತೆಗೆದುಕೊಂಡಿದ್ದೀರಿ, 18 ಪರ್ಸೆಂಟ್ ಜಿಎಸ್‌ಟಿ ಸಮೇತ. ಆದರೆ ನಿಮ್ಮ ಸೂಪರ್‌ವೈಸರ್ ತಾವೇ ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳನ್ನು ನೋಡಿ. ಒಂದು ಸಂಜೆ ಕೋಟಿಂಗ್ ಹೊಡೆದ ಫೋಟೊ. ಮರುದಿನ ಮಧ್ಯಾಹ್ನದ ಫೋಟೊದಲ್ಲಿ ಅರ್ಧ ನೆಲಕ್ಕೆ ಟೈಲ್ಸ್ ಕೂತಾಗಿದೆ. ಈ ಎರಡರ ನಡುವೆ 48 ಗಂಟೆ ಎಲ್ಲಿಂದ ಬಂತು? ಕೇಳಿದರೆ, “ನಲ್ಲಿ ಜಾಯಿಂಟ್ ಸಡಿಲ ಆಗಿರಬೇಕು ಮೇಡಂ, ಸಿಲಿಕಾನ್ ಹಾಕಿಸ್ತೀವಿ” ಎಂದರು. ಹಾಕಿಸಿದರು ಕೂಡ. ತೇವ ಇನ್ನೂ ಅಗಲವಾಯಿತು. ಟೈಲ್ಸ್ ಕೆಳಗಿನ ತೊಂದರೆಗೆ ಟೈಲ್ಸ್ ಮೇಲೆ ಅಂಟು ಬಳಿದರೆ ಆಗುವುದೇ ಅಷ್ಟು.

ಎರಡನೆಯದು ನೀವು ಬಹಳ ಹೆಮ್ಮೆಯಿಂದ ತೋರಿಸಿದ, ತಲೆಯ ಮೇಲೆ ಮಳೆಯ ಹಾಗೆ ಸುರಿಯಬೇಕಾದ ರೇನ್ ಶವರ್. ನಮ್ಮದು ತಾರಸಿ ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರು. ಟ್ಯಾಂಕಿನ ನೀರಿಗೂ ಶವರಿಗೂ ಮೂರು ಮೀಟರ್ ಎತ್ತರ ಸಿಕ್ಕರೆ ಹೆಚ್ಚು. ಹತ್ತು ಮೀಟರಿಗೆ ಸುಮಾರು 1 ಬಾರ್ ಒತ್ತಡ ಎಂಬ ಲೆಕ್ಕದಲ್ಲಿ ನಮಗಿರುವುದು 0.3 ಬಾರ್. ಅಷ್ಟಗಲದ ಶವರ್ ತಟ್ಟೆಗೆ ಅದು ಯಾತಕ್ಕೂ ಸಾಲದು. ನೀರು ನಡುವಿನ ನಾಲ್ಕಾರು ತೂತಿನಿಂದ ತೊಟ್ಟಿಕ್ಕುತ್ತದೆ. ಮನೆ ನೋಡಲು ಬಂದ ನಿಮ್ಮ ಡಿಸೈನರ್ ಗೋಡೆಯ ಅಳತೆಯನ್ನು ಲೇಸರ್ ಹಿಡಿದು ತೆಗೆದುಕೊಂಡರು. ತಾರಸಿ ಮೆಟ್ಟಿಲು ಮಾತ್ರ ಹತ್ತಲಿಲ್ಲ.

ಇದನ್ನು ಸರಿಪಡಿಸಲೆಂದು ನೀವು ಪ್ರೆಶರ್ ಪಂಪ್ ಕೂರಿಸಿ, ಅದಕ್ಕೆ ಬೇರೆ ಬಿಲ್ ಮಾಡಿದಿರಿ. ಪಂಪ್ ಇರುವುದು ತಣ್ಣೀರಿನ ಲೈನಿಗೆ ಮಾತ್ರ. ಬಿಸಿನೀರು ಸೋಲಾರಿನದು, ಗಾಜಿನ ಕೊಳವೆಯ ಮಾಮೂಲಿ ಮಾದರಿ. ಅದರ ಟ್ಯಾಂಕು ಪಂಪಿನ ಒತ್ತಡ ತಡೆಯುವಂಥದ್ದಲ್ಲ. ಹೀಗಾಗಿ ಗೋಡೆಯೊಳಗಿನ ಡೈವರ್ಟರ್‌ನಲ್ಲಿ ಎರಡೂ ನೀರು ಬೆರೆಯುವ ಕಡೆ ಜೋರಿರುವ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗುತ್ತಿದೆ. ಬೆಳಿಗ್ಗೆ ಶವರ್ ಅರ್ಧ ತಿರುಗಿಸಿಟ್ಟು ತಾರಸಿಗೆ ಹೋಗಿ ನೋಡಿದರೆ, ಸೋಲಾರ್ ಟ್ಯಾಂಕಿನ ಗಾಳಿ ಪೈಪಿನಿಂದ ನೀರು ಹೊರಗೆ ಸುರಿಯುತ್ತಿರುತ್ತದೆ. ಕೆಳಗೆ ನಿಂತವರಿಗೆ ತಣ್ಣೀರು, ಬಿಸಿಲು ಕಾಯಿಸಿದ ನೀರು ಮೋರಿಗೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಬೀದಿಯಲ್ಲಿ ಕಾದವರು ನಾವು. ಆ ನೀರು ಹರಿದುಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿಸಿನೀರಿನ ಲೈನಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಬೇಕಿತ್ತು, ಎರಡೂ ಕಡೆ ಒತ್ತಡ ಸಮ ಮಾಡಬೇಕಿತ್ತು. ಇದನ್ನು ನನಗೆ ಹೇಳಿದ್ದು ನಮ್ಮ ಬೀದಿಯ ಪ್ಲಂಬರ್, ನಿಮ್ಮ ಎಂಜಿನಿಯರ್ ಅಲ್ಲ.

ಕಪ್ಪು ಮ್ಯಾಟ್ ನಲ್ಲಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದಂತೆ ಬೋರ್ ನೀರು. ಗಡಸು ನೀರು ಕಪ್ಪು ನಲ್ಲಿಯ ಮೇಲೂ ಗಾಜಿನ ತಡೆಯ ಮೇಲೂ ಬಿಳಿ ಕಲೆ ಕೂರಿಸುತ್ತದೆಂಬುದು ಬೆಂಗಳೂರಿನಲ್ಲಿ ಮನೆ ಮಾಡಿರುವ ಎಲ್ಲರಿಗೂ ಗೊತ್ತು. ವಿನಿಗರ್ ಹಾಕಿ ಒರೆಸಿ ಎಂದರು ನಿಮ್ಮ ಹುಡುಗ. ನಲ್ಲಿಯ ಡಬ್ಬದೊಳಗಿದ್ದ ಚೀಟಿಯಲ್ಲಿ, ಆಮ್ಲ ಮುಟ್ಟಿಸಿದರೆ ವಾರಂಟಿ ಹೋಗುತ್ತದೆ ಎಂದಿದೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು?

ನೆಲದ ಮಾತು ಹಾಗಲ್ಲ, ಅದು ಪ್ರಾಣಕ್ಕೆ ಸಂಬಂಧಿಸಿದ್ದು. ನಮ್ಮ ಅತ್ತೆಯವರಿಗೆ ಮಂಡಿ ನೋವು, ಕಮೋಡಿನ ಪಕ್ಕ ಹಿಡಿಕೆ ಬೇಕೆಂದು ಮೊದಲ ದಿನವೇ ಹೇಳಿದ್ದೆವು. “ಹಿಡಿಕೆ ಹಾಕಿದರೆ ಆಸ್ಪತ್ರೆ ಲುಕ್ ಬರುತ್ತೆ” ಎಂದು ಬಿಟ್ಟಿರಿ. ನೆಲಕ್ಕೆ ಹೊಳೆಯುವ ದೊಡ್ಡ ಟೈಲ್ಸ್, ಎರಡಡಿಗೆ ನಾಲ್ಕಡಿಯವು. ಅಷ್ಟು ದೊಡ್ಡ ಟೈಲನ್ನು ಕತ್ತರಿಸದೆ ನಾಲ್ಕೂ ಕಡೆಯಿಂದ ಜಾಲಿಯ ಕಡೆಗೆ ವಾಟ ಕೊಡಲು ಬರುವುದಿಲ್ಲ. ನಿಮ್ಮವರು ಕೊಟ್ಟೂ ಇಲ್ಲ. ಒಬ್ಬರು ಸ್ನಾನ ಮಾಡಿ ಬಂದರೆ ಕಮೋಡಿನ ಮುಂದೆ ನೀರು ನಿಂತೇ ಇರುತ್ತದೆ, ವೈಪರ್ ಹಿಡಿದು ತಳ್ಳಬೇಕು. ಒದ್ದೆಯಾದಾಗ ಅದರ ಮೇಲೆ ಕಾಲಿಡುವುದಕ್ಕೆ ನನಗೇ ಭಯ. ಅತ್ತೆಯವರು ಈಗ ಸ್ನಾನಕ್ಕೆ ಕೆಳಗಿನ ಮನೆಗೆ ಇಳಿದು ಹೋಗುತ್ತಾರೆ, ಮಂಡಿ ನೋವಿಟ್ಟುಕೊಂಡು.

ಇನ್ನೊಂದು ಸಣ್ಣದು, ಆದರೆ ದಿನಾ ಕಾಡುವುದು: ಬಕೆಟ್ ಇಡಲು ಜಾಗವಿಲ್ಲ. ನಲ್ಲಿಯ ಕೆಳಗೆ ಅಲಂಕಾರದ ಕಲ್ಲಿನ ಕಟ್ಟೆ ಬಂದಿದೆ. ಎಣ್ಣೆಸ್ನಾನಕ್ಕೆ ಬಿಸಿನೀರನ್ನು ಹ್ಯಾಂಡ್ ಶವರ್‌ನಲ್ಲಿ ಬಕೆಟ್ಟಿಗೆ ಹಿಡಿದು ತುಂಬಿಸುತ್ತಿದ್ದೇವೆ.

ನಮಗೆ ಬೇಕಿರುವುದು ಇಷ್ಟು. ನೆಲದ ಟೈಲ್ಸ್ ತೆಗೆದು, ವಾಟರ್‌ಪ್ರೂಫಿಂಗ್ ಮತ್ತೆ ಮಾಡಿ, ನಮ್ಮ ಕಣ್ಣೆದುರೇ 48 ಗಂಟೆ ನೀರು ನಿಲ್ಲಿಸಿ ತೋರಿಸಿ. ಆಮೇಲೆ ಜಾರದ ಸಣ್ಣ ಟೈಲ್ಸ್ ಹಾಕಿ ವಾಟ ಸರಿಮಾಡಿ. ಬಿಸಿನೀರು, ತಣ್ಣೀರು ಎರಡರ ಒತ್ತಡವನ್ನೂ ಸಮ ಮಾಡಿ. ಆಗದಿದ್ದರೆ ರೇನ್ ಶವರ್, ಪಂಪ್ ಎರಡನ್ನೂ ವಾಪಸು ತೆಗೆದುಕೊಂಡು ಅದರ ಹಣ ಕೊಡಿ. ಹಿಡಿಕೆ ಹಾಕಿಸಿ, ಕಟ್ಟೆ ತೆಗೆಸಿ. ಕೆಳಗಿನ ಮನೆಯ ಸೂರಿನ ಖರ್ಚು ನಿಮ್ಮದು. ಬದಲಿಗೆ ಮುಂದಿನ ಆರ್ಡರಿನಲ್ಲಿ ಡಿಸ್ಕೌಂಟ್ ಕೊಡುತ್ತೇವೆಂಬ ಮೆಸೇಜ್ ದಯವಿಟ್ಟು ಕಳಿಸಬೇಡಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಕೆಲಸದ ದಿನಾಂಕಗಳನ್ನು ಬರಹದಲ್ಲಿ ತಿಳಿಸಬೇಕು. ಇಲ್ಲವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ನಿಮ್ಮ ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬೇರೆ ಊರಿನ ನ್ಯಾಯಾಲಯದ ಹೆಸರಿರುವುದನ್ನು ನೋಡಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು.

ಅಂದಾಜುಪಟ್ಟಿ, ಬಿಲ್ಲುಗಳು, ಸೂಪರ್‌ವೈಸರ್ ಕಳಿಸಿದ ಫೋಟೊಗಳು, ಕೆಳಮನೆಯ ಸೂರಿನ ಫೋಟೊ, ಗಾಳಿ ಪೈಪಿನ ವಿಡಿಯೊ ಇದರ ಜೊತೆಗಿವೆ. ಪರಿಶೀಲನೆಗೆ ಬರುವವರು ಬೆಳಿಗ್ಗೆ ಏಳರೊಳಗೆ ಬರಲಿ, ಸೋಲಾರ್ ನೀರು ಬಳಕೆಯಲ್ಲಿರುವಾಗಲೇ ನೋಡಬೇಕು. ನೆಲದ ವಾಟ ನೋಡಲು ರಸಮಟ್ಟ ತರಲಿ, ತಾರಸಿ ಹತ್ತಲು ತಯಾರಾಗಿ ಬರಲಿ.

ಇಂತಿ,
ನಿಮ್ಮ ಗ್ರಾಹಕಿ,
ವಿಜಯನಗರ, ಬೆಂಗಳೂರು