ಮನೆ ಅಡವಿಡಬೇಡಿ, ಅಪ್ಪ

ಕೇಂಬ್ರಿಡ್ಜ್

ತೀರ್ಥರೂಪ ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಅಪ್ಪ, ನಿಮ್ಮ ಪತ್ರ ಸಿಕ್ಕಿತು. ಮನೆ ಅಡವಿಟ್ಟು ದುಡ್ಡು ಕಳಿಸಲಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಶುರು ಮಾಡುತ್ತಿರುವ ಕಂಪನಿಗೆಂದು ಒಂದು ರೂಪಾಯಿ ಸಾಲವನ್ನೂ ಮಾಡಿಲ್ಲ, ಮಾಡುವುದೂ ಇಲ್ಲ. ದೊಡ್ಡಪ್ಪ ಹೇಳಿದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ.

ಬ್ಯಾಟರಿಯೊಳಗೆ ಹಚ್ಚುವ ಲೇಪದ ಬಗ್ಗೆ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆನಲ್ಲ, ಈ ಕಂಪನಿ ಅದಕ್ಕೇ. ಉಗುರಿನಷ್ಟು ಜಾಗಕ್ಕೆ ಹಚ್ಚಿದರೆ ಚೆನ್ನಾಗಿ ಕೂರುತ್ತದೆ. ಅಂಗೈ ಅಗಲಕ್ಕೆ ಹಚ್ಚಿದರೆ ಒಣಗುವಾಗ ಅಂಚಿನಿಂದ ಬಿರುಕು ಬಿಡುತ್ತದೆ. ಆ ಬಿರುಕು ನಿಲ್ಲಿಸುವ ಕೆಲಸಕ್ಕೆ ಸಂಶೋಧನೆಯ ಅನುದಾನ ಸಿಗುವುದು ಕಷ್ಟ. ಫ್ಯಾಕ್ಟರಿಯವರು ಮೀಟರುಗಟ್ಟಲೆ ಮಾಡಿ ತೋರಿಸಿ, ಆಮೇಲೆ ಮಾತಾಡೋಣ ಅನ್ನುತ್ತಾರೆ. ನಡುವಿನ ಈ ಕೆಲಸ ಮಾಡುವವರು ಯಾರು? ಅದಕ್ಕೇ ಕಂಪನಿ ಬೇಕಾಗಿರುವುದು.

ಪೇಟೆಂಟ್ ಅರ್ಜಿಯನ್ನು ಯೂನಿವರ್ಸಿಟಿಯೇ ಹಾಕಿದೆ, ಖರ್ಚೂ ಅವರದೇ. ಅರ್ಜಿಗೆ ಮೊದಲೇ ಸಂಶೋಧನಾ ಪೇಪರ್ ಅಚ್ಚಾದರೆ ಇಲ್ಲಿ ಪೇಟೆಂಟ್ ಕೈತಪ್ಪುತ್ತದೆ. ನನ್ನ ಪೇಪರ್ ತಡವಾಗಿದ್ದು ಇದರಿಂದಲೇ, ಬೇರೇನೂ ಅಲ್ಲ. ಪೇಟೆಂಟ್ ಬಳಸಿಕೊಳ್ಳಲು ಅವರು ಕಂಪನಿಗೆ ಲೈಸೆನ್ಸ್ ಕೊಟ್ಟು ಷೇರು ತೆಗೆದುಕೊಳ್ಳುತ್ತಾರೆ. ಹಣ ಹಾಕುವವರಿಗೂ ಷೇರೇ. ಕಂಪನಿ ಮುಳುಗಿದರೆ ಅವರು ಹಾಕಿದ ಹಣ ಹೋಗುತ್ತದೆ ಅಷ್ಟೇ. ನಮ್ಮ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ.

ಮೇಷ್ಟ್ರು ವ್ಯಾಪಾರಕ್ಕೆ ಇಳಿಯಬಹುದಾ ಅಂತಲೂ ಬರೆದಿದ್ದೀರಿ. ಇಲ್ಲಿ ಅದು ಮರ್ಯಾದೆಯ ಕೆಲಸ ಅಪ್ಪ. ಮದರಾಸಿನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್, ಅವರ ಜೊತೆಗಾರ ಡೇವಿಡ್ ಕ್ಲೆನರ್‌ಮನ್ ಇಬ್ಬರೂ ಇಲ್ಲಿ ರಸಾಯನಶಾಸ್ತ್ರದ ಪ್ರೊಫೆಸರುಗಳು. ಡಿಎನ್‌ಎ ಓದುವ ಹೊಸ ದಾರಿಯ ಬಗ್ಗೆ ಪಬ್ಬಿನಲ್ಲಿ ಕೂತು ಮಾತಾಡಿದರಂತೆ! 1998ರಲ್ಲಿ ಸೊಲೆಕ್ಸಾ ಕಂಪನಿ ಶುರು ಮಾಡಿದರು. 2007ರಲ್ಲಿ ಅಮೆರಿಕದ ಇಲ್ಯುಮಿನಾ ಕಂಪನಿ ಅದನ್ನು ಸುಮಾರು 60 ಕೋಟಿ ಡಾಲರಿಗೆ ಕೊಂಡಿತು. ಆಮೇಲೂ ಇಬ್ಬರೂ ಸಂಶೋಧನೆ ಬಿಡಲಿಲ್ಲ. ಎಲ್ಲರಿಗೂ ಹಾಗಾಗುವುದಿಲ್ಲ, ಎಷ್ಟೋ ಕಂಪನಿಗಳು ಮುಚ್ಚಿಹೋಗುತ್ತವೆ. ಅದು ಗೊತ್ತಿದ್ದೇ ಇಳಿದಿದ್ದೇನೆ. ಈ ಲೇಪ ನನ್ನ ನೋಟ್‌ಬುಕ್ಕಿನಲ್ಲೇ ಉಳಿದುಹೋಗುವುದು ನನಗೆ ಬೇಡ.

ನನ್ನ ಸಂಬಳ ಯೂನಿವರ್ಸಿಟಿಯಿಂದ ಬರುತ್ತಲೇ ಇದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನಿದ್ದೆಯೂ ಚೆನ್ನಾಗಿದೆ. ಚಳಿಗೆ ದಪ್ಪ ಕೋಟು ಇದೆ. ಅಮ್ಮ, ಸುಮ್ನೆ ಯೋಚನೆ ಮಾಡಬೇಡ, ನಾನು ನಿಜವಾಗಿಯೂ ಆರಾಮಾಗಿದ್ದೇನೆ.

ಲ್ಯಾಬಿಗೆ ಹೊತ್ತಾಯ್ತು, ನಿಲ್ಲಿಸುತ್ತೇನೆ. ಮನೆ ಪತ್ರ ಬ್ಯಾಂಕಿಗೆ ಕೊಟ್ಟಿದ್ದರೆ ಈ ಕಾಗದ ಸಿಕ್ಕ ದಿನವೇ ಹೋಗಿ ವಾಪಸ್ ತನ್ನಿ ಅಪ್ಪ. ತಂದ ಮೇಲೆ ಫೋನ್ ಮಾಡಿ.

ಇಂತಿ ನಿಮ್ಮ ಮಗಳು