ಡಿಎಲ್‌ಸಿಗೆ ದುಡ್ಡು ಕೊಡುವ ಮುನ್ನ ಮೂಲ ಆಟ ಎಲ್ಲಿಗೆ ಬಂದಿದೆ ನೋಡಿ

ಸಂಪಾದಕರಿಗೆ,

ಮಾನ್ಯರೆ,

ವಿಡಿಯೊ ಗೇಮ್ ಬಿಡುಗಡೆಯಾದ ಮೇಲೆ ಅದಕ್ಕೆ ಸೇರಿಸಿಕೊಳ್ಳಲು ಬೇರೆಯಾಗಿ ಮಾರುವ ಡಿಎಲ್‌ಸಿಗಳ, ಅಂದರೆ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗಗಳ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದೆಲ್ಲ ಹಗಲುದರೋಡೆ ಎಂಬುದು ಒಂದು. ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ ಎಂಬುದು ಇನ್ನೊಂದು. ಸ್ಟೋರ್ ಪುಟದ ಮುಂದೆ ಕೂತು ಕೊಳ್ಳಲೋ ಬಿಡಲೋ ಎಂದು ಯೋಚಿಸುತ್ತಿರುವವರಿಗೆ ಈ ಎರಡರಿಂದಲೂ ಏನೂ ಸಿಗುವುದಿಲ್ಲ. ಚೆನ್ನಾಗಿರುವ ಡಿಎಲ್‌ಸಿಗಳು ಬೇಕಾದಷ್ಟಿವೆ. ಹಣ ಹಾಳಾಗುವುದು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ, ಒಳಗೇನಿದೆ ಎಂದು ನೋಡದೆ ಕೊಂಡಾಗ.

2024ರ ಜೂನ್ 21ರಂದು ಬಂದ ಎಲ್ಡನ್ ರಿಂಗ್‌ನ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ಯನ್ನೇ ತೆಗೆದುಕೊಳ್ಳಿ. ಬೆಲೆ ಮೂಲ ಆಟದ ಮೂರರಲ್ಲಿ ಎರಡು ಪಾಲು. ಅಷ್ಟು ಕೊಟ್ಟು ಡೌನ್‌ಲೋಡ್ ಮಾಡಿಕೊಂಡರೂ ಮೆನುವಿನಲ್ಲಿ ಅದನ್ನು ಶುರು ಮಾಡುವ ಬಟನ್ ಇಲ್ಲ. ಮೂಲ ಆಟದಲ್ಲಿ ಸ್ಟಾರ್‌ಸ್ಕರ್ಜ್ ರಡಾನ್, ಮೋಗ್ ಎಂಬ ಇಬ್ಬರು ಬಾಸ್‌ಗಳನ್ನು, ಅಂದರೆ ಬಲಿಷ್ಠ ಎದುರಾಳಿಗಳನ್ನು, ಸೋಲಿಸಿರಬೇಕು. ಆಮೇಲೆ ಮೋಗ್ ಇದ್ದ ಜಾಗದಲ್ಲೇ ಒಂದು ಗೂಡಿನಿಂದ ಹೊರಚಾಚಿರುವ ಒಣಗಿದ ಕೈಯನ್ನು ಮುಟ್ಟಿದರೆ ಮಾತ್ರ ಹೊಸ ನಾಡಿಗೆ ದಾರಿ. ಮೂಲ ಕಥೆ ಮುಗಿಸಲು ಈ ಇಬ್ಬರನ್ನೂ ಸೋಲಿಸಲೇಬೇಕೆಂದಿಲ್ಲ. ಹಾಗಾಗಿ ಕಥೆ ಮುಗಿಸಿದವರಿಗೂ ಬಾಗಿಲು ಮುಚ್ಚಿರಬಹುದು. ಮೋಗ್ ಇರುವಲ್ಲಿಗೆ ಹೋಗಲು ಎರಡು ದಾರಿ. ಆಟದ ಕೊನೆಯ ಭಾಗದಲ್ಲಿ ಸಿಗುವ ಹಿಮಬಯಲಿನ ಪೋರ್ಟಲ್ ಒಂದು. ವಾರೆ ಎಂಬ ಪಾತ್ರ ಕೊಡುವ ಕೆಲಸಗಳನ್ನು ಮುಗಿಸಿ ಬೇಗನೆ ತಲುಪುವುದು ಇನ್ನೊಂದು. ಹತ್ತಾರು ಗಂಟೆ ಆಡಿ ನಿಲ್ಲಿಸಿ, ರಿಯಾಯಿತಿ ಬಂತೆಂದು ಈ ಡಿಎಲ್‌ಸಿ ಕೊಂಡವರು ಕೊಂಡಿರುವುದು ತಮಗೆ ತೆರೆಯಲಾಗದ ಬಾಗಿಲನ್ನು.

ಒಳಗೆ ಹೋದವರೂ ಎಡವಿದ್ದಾರೆ. ಆ ನಾಡಿನಲ್ಲಿ ನಿಮ್ಮ ಹಳೆಯ ಲೆವೆಲ್ ಎಷ್ಟಿದ್ದರೂ ಅದೊಂದರಿಂದಲೇ ಹೊಡೆತವೂ ತಡೆಯೂ ಸಾಕಾಗುವುದಿಲ್ಲ. ಅಲ್ಲಲ್ಲಿ ಸಿಗುವ ಸ್ಕಾಡುಟ್ರೀ ಚೂರುಗಳನ್ನು ಕೂಡಿಸಿ ಬೇರೆಯೇ ಒಂದು ಮಟ್ಟವನ್ನು ಏರಿಸಿಕೊಳ್ಳಬೇಕು. ಒಟ್ಟು 50 ಚೂರು, ಗರಿಷ್ಠ ಮಟ್ಟ 20. ಇದನ್ನು ಗಮನಿಸದೆ ನೇರವಾಗಿ ಬಾಸ್‌ಗಳ ಮುಂದೆ ನಿಂತವರು ಎರಡು ಏಟಿಗೆ ಸತ್ತು, ಆಟವೇ ಸರಿಯಿಲ್ಲ ಎಂದು ಮೊದಲ ವಾರ ಗಲಾಟೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಆರಂಭದ ಮಟ್ಟಗಳ ಫಲವನ್ನು ಹೆಚ್ಚಿಸುವ ಪ್ಯಾಚ್ (ಆಟವನ್ನು ತಿದ್ದುವ ಅಪ್‌ಡೇಟ್) ಬಿಟ್ಟಿತು. ಅಷ್ಟು ದಿನ ಕಾದವರಿಗೆ ಅದೇ ದುಡ್ಡಿಗೆ ಇನ್ನೂ ಹದವಾದ ಆಟ ಸಿಕ್ಕಿತು.

ಆದ್ದರಿಂದ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇದು ಮೂಲ ಆಟದ ಯಾವ ಹಂತದಲ್ಲಿ ತೆರೆಯುತ್ತದೆ? ‘ಮಾನ್‌ಸ್ಟರ್ ಹಂಟರ್ ವರ್ಲ್ಡ್’ನ ‘ಐಸ್‌ಬೋರ್ನ್’ ಮೂಲ ಕಥೆ ಪೂರ್ತಿ ಮುಗಿದ ಮೇಲೇ. ‘ಸೈಬರ್‌ಪಂಕ್ 2077’ರ ‘ಫ್ಯಾಂಟಮ್ ಲಿಬರ್ಟಿ’ ಪೆಸಿಫಿಕಾ ಭಾಗದ ‘ಟ್ರಾನ್ಸ್‌ಮಿಶನ್’ ಎಂಬ ಮಿಶನ್ ಆದ ಮೇಲೆ. ‘ವಿಚರ್ 3’ ಈ ವಿಷಯದಲ್ಲಿ ಉದಾರಿ: ಮೂಲ ಕಥೆಯ ಸೇವ್ (ಎಲ್ಲಿಯವರೆಗೆ ಆಡಿದ್ದೇವೆಂಬ ದಾಖಲೆ) ಇಲ್ಲದವರು ಹೊಸ ಆಟದ ಮೆನುವಿನಿಂದಲೇ ತಯಾರಾದ ಪಾತ್ರದೊಂದಿಗೆ ನೇರ ಎಕ್ಸ್‌ಪಾನ್ಶನ್‌ಗೆ (ಹೊಸ ಕಥೆಯ ದೊಡ್ಡ ಡಿಎಲ್‌ಸಿಗೆ) ಇಳಿಯಬಹುದು. ‘ಫ್ಯಾಂಟಮ್ ಲಿಬರ್ಟಿ’ಯಲ್ಲೂ ಅಂಥ ಆಯ್ಕೆ ಇದೆ. ಆದರೆ ಹಾಗೆ ಇಳಿದವರಿಗೆ ಪಾತ್ರಗಳ ಹಿಂದುಮುಂದು ಗೊತ್ತಿರುವುದಿಲ್ಲ, ಕೈಗೆ ಬಂದ ಆಯುಧಗಳ ಬಳಕೆಯೂ ಇರುವುದಿಲ್ಲ. ಸೇವ್ ಕಳೆದುಕೊಂಡವರಿಗೆ ಅದು ಅನುಕೂಲ, ಹೊಸಬರಿಗೆ ಅಲ್ಲ.

‘ಸೈಬರ್‌ಪಂಕ್’ ಇನ್ನೊಂದು ಪಾಠವನ್ನೂ ಹೇಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಐದು ದಿನಗಳ ಅಂತರದಲ್ಲಿ ಎರಡು ಸಂಗತಿ ಬಂದವು: ಮೊದಲು 2.0 ಅಪ್‌ಡೇಟ್, ಆಮೇಲೆ ‘ಫ್ಯಾಂಟಮ್ ಲಿಬರ್ಟಿ’. ಸ್ಕಿಲ್ ಟ್ರೀಗಳನ್ನು (ಪಾತ್ರ ಕಲಿಯಬಹುದಾದ ಕೌಶಲಗಳ ಕವಲುಪಟ್ಟಿಗಳನ್ನು) ಬುಡಸಮೇತ ಬದಲಿಸಿದ್ದು, ಪೊಲೀಸರು ನಿಜವಾಗಿ ಬೆನ್ನಟ್ಟುವಂತಾದದ್ದು, ವಾಹನದಲ್ಲಿ ಕುಳಿತೇ ಗುಂಡು ಹಾರಿಸುವ ಸೌಲಭ್ಯ, ಇವೆಲ್ಲ 2.0ರಲ್ಲಿ, ಎಲ್ಲರಿಗೂ ಉಚಿತ. ಹಣ ಕೊಟ್ಟವರಿಗೆ ಸಿಕ್ಕಿದ್ದು ಡಾಗ್‌ಟೌನ್ ಎಂಬ ಹೊಸ ಪ್ರದೇಶ, ಅಲ್ಲಿನ ಕಥೆ, ರೆಲಿಕ್ ಸ್ಕಿಲ್ ಟ್ರೀ ಮತ್ತು ಇನ್ನೊಂದು ಮುಕ್ತಾಯ. ನನ್ನ ಲೆಕ್ಕದಲ್ಲಿ ಆ ಕಥೆಗೆ ಮೂಲ ಆಟದ ಅರ್ಧ ಬೆಲೆ ಸಲ್ಲುತ್ತದೆ. ಆದರೆ ಆಟ ಸರಿಹೋಗಲೆಂದು ಅದನ್ನು ಕೊಂಡವರು ಪುಕ್ಕಟೆ ಸಿಗುತ್ತಿದ್ದುದಕ್ಕೆ ಹಣ ತೆತ್ತರು. ದೊಡ್ಡ ಡಿಎಲ್‌ಸಿಯ ಜೊತೆಗೆ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಪ್ಯಾಚ್ ನೋಟ್ಸ್ (ಬದಲಾವಣೆಗಳ ಪಟ್ಟಿ) ತೆರೆದು ಯಾವುದು ಯಾರಿಗೆ ಎಂದು ಓದಿಕೊಳ್ಳಬೇಕು. ಹತ್ತು ನಿಮಿಷದ ಕೆಲಸ.

ಚಿಲ್ಲರೆ ಡಿಎಲ್‌ಸಿಗಳ ಕಥೆ 2006ರ ಏಪ್ರಿಲ್‌ನಿಂದ ಎಲ್ಲರಿಗೂ ಗೊತ್ತಿರುವುದೇ. ‘ಆಬ್ಲಿವಿಯನ್’ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಆಟಗಾರರು ನಕ್ಕರು, ಬೈದರು, ಕೊಂಡರು ಕೂಡ. ನೋಟಕ್ಕಷ್ಟೇ ಇರುವ ಸ್ಕಿನ್‌ಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅವಿಲ್ಲದೆ ಆಟ ಊನವಾಗುವುದಿಲ್ಲ. ತಕರಾರಿರುವುದು ಒಬ್ಬನೇ ಆಡುವ ಆಟದಲ್ಲಿ ಮಾರುವ ಅನುಭವದ ಅಂಕ, ಆಟದೊಳಗಿನ ನಾಣ್ಯ, ಬೇಗ ಲೆವೆಲ್ ಏರಿಸುವ ಪ್ಯಾಕ್‌ಗಳ ಬಗ್ಗೆ. ಅವು ಮಾರಾಟವಾಗಬೇಕಾದರೆ ಆಟ ಎಲ್ಲೋ ಒಂದು ಕಡೆ ಬೇಸರ ಹುಟ್ಟಿಸುವಷ್ಟು ನಿಧಾನವಾಗಿರಲೇಬೇಕು. ಕಂಪನಿಯೇ ಬೇಸರ ಸೃಷ್ಟಿಸಿ ಅದಕ್ಕೆ ಮದ್ದು ಮಾರುವುದಕ್ಕೆ ಒಂದು ಪೈಸೆಯನ್ನೂ ಕೊಡಬಾರದು.

ಹಲವರು ಸೇರಿ ಆಡುವ ಆಟಗಳಲ್ಲಿ ಲೆಕ್ಕ ಬೇರೆ. ಹೊಸ ಮ್ಯಾಪ್‌ಗಳನ್ನು ಮಾರಿದರೆ ಕೊಂಡವರು ಒಂದು ಗುಂಪು, ಕೊಳ್ಳದವರು ಇನ್ನೊಂದು ಗುಂಪಾಗಿ, ಕೊಂಡವರಿಗೇ ಎದುರಾಳಿಗಳು ಸಿಗದೆ ಕಾಯುವಂತಾಗುತ್ತದೆ. ‘ಟೈಟನ್‌ಫಾಲ್ 2’ ಹೊಸ ಮ್ಯಾಪ್‌ಗಳನ್ನೆಲ್ಲ ಉಚಿತವಾಗಿ ಕೊಟ್ಟಿತು. ಇನ್ನೊಂದು ಬಗೆಯಲ್ಲಿ, ಪ್ಯಾರಡಾಕ್ಸ್ ಕಂಪನಿಯ ‘ಯುರೋಪಾ ಯೂನಿವರ್ಸಾಲಿಸ್ 4’ರಂಥ ಆಟಗಳಲ್ಲಿ ಹೋಸ್ಟ್ ಮಾಡುವವರ, ಅಂದರೆ ಪಂದ್ಯ ಏರ್ಪಡಿಸುವವರ ಬಳಿ ಡಿಎಲ್‌ಸಿ ಇದ್ದರೆ ಆ ಪಂದ್ಯದಲ್ಲಿ ಎಲ್ಲರಿಗೂ ಅದು ಸಿಗುತ್ತದೆ. ನಾಲ್ವರು ಗೆಳೆಯರ ಗುಂಪಿನಲ್ಲಿ ಒಬ್ಬರು ಕೊಂಡರೆ ಸಾಕು. ಎಷ್ಟೋ ಜನ ಇದು ಗೊತ್ತಿಲ್ಲದೆ ನಾಲ್ಕು ಪ್ರತಿ ಕೊಳ್ಳುತ್ತಾರೆ.

ಸೀಸನ್ ಪಾಸ್ ಎಂದರೆ ಇನ್ನೂ ಬಾರದ ಸರಕಿಗೆ ಮುಂಗಡ. ‘ಫಾಲ್ಔಟ್ 4’ರ ಪಾಸ್ ಮೊದಲು 30 ಡಾಲರ್ ಇದ್ದದ್ದು 2016ರ ಮಾರ್ಚ್‌ನಲ್ಲಿ 50ಕ್ಕೆ ಏರಿತು ನಿಜ, ಮೊದಲೇ ಕೊಂಡವರಿಗೆ ಲಾಭವಾಯಿತು. ಇಂಥ ಉದಾಹರಣೆಗಳು ಕಡಿಮೆ. ‘ಹೊರೈಜನ್ ಝೀರೋ ಡಾನ್’ನ ‘ಫ್ರೋಝನ್ ವೈಲ್ಡ್ಸ್’ 2017ರ ನವೆಂಬರ್‌ನಲ್ಲಿ ಬಂತು, ಡಿಸೆಂಬರ್‌ನಲ್ಲಿ ಎರಡನ್ನೂ ಸೇರಿಸಿದ ಕಂಪ್ಲೀಟ್ ಎಡಿಶನ್ ಅಂಗಡಿಗೆ ಬಂತು. ‘ವಿಚರ್ 3’ರ ಎರಡನೇ ಎಕ್ಸ್‌ಪಾನ್ಶನ್ 2016ರ ಮೇ ತಿಂಗಳಲ್ಲಿ, ಎಲ್ಲ ಸೇರಿದ ಆವೃತ್ತಿ ಆಗಸ್ಟ್‌ನಲ್ಲಿ. ಮೂಲ ಆಟವನ್ನೇ ಇನ್ನೂ ಕೊಳ್ಳದವರು ಕೊನೆಯ ಡಿಎಲ್‌ಸಿ ಬರುವ ತನಕ ತಾಳುವುದು ಲೇಸು. 2024ರ ಕೊನೆಯಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಸ್ಟೋರ್ ಒಂದು ನಿಯಮ ತಂದಿದೆ: ಸೀಸನ್ ಪಾಸ್ ಮಾರುವವರು ಅದರಲ್ಲಿ ಏನೇನು, ಸರಿಸುಮಾರು ಯಾವಾಗ ಬರುತ್ತದೆ ಎಂದು ಮೊದಲೇ ತಿಳಿಸಬೇಕು. ಆ ಪಟ್ಟಿಯಲ್ಲಿ ಅರ್ಧ ಸ್ಕಿನ್‌ಗಳೇ ತುಂಬಿದ್ದರೆ ಪಾಸ್ ಬಿಟ್ಟು ಕಥೆಯ ಡಿಎಲ್‌ಸಿಯನ್ನು ಬಿಡಿಯಾಗಿ ಕೊಳ್ಳಿ.

ಕೆಲವು ಬಗೆಯ ಡಿಎಲ್‌ಸಿಗಳನ್ನು ಮಾತ್ರ ಒಪ್ಪಲಾಗದು. 2012ರ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕೆನ್’ನ ಡಿಸ್ಕ್‌ನಲ್ಲೇ 12 ಪಾತ್ರಗಳಿದ್ದವು, ಅವಕ್ಕೆ ಬೀಗ ಹಾಕಿ ಆಮೇಲೆ ಬೀಗದ ಕೈಯನ್ನು ಮಾರಿದರು. ಅದೇ ವರ್ಷದ ‘ಅಸುರಾಸ್ ರಾತ್’ ಕಥೆಯ ನಿಜವಾದ ಕೊನೆಯನ್ನೇ ಡಿಎಲ್‌ಸಿಯಾಗಿ ಮಾರಿತು. ಕಥೆ ಕೇಳುವವರಿಗೆ ಕೊನೆಯನ್ನು ಹೇಳದೆ ಇನ್ನಷ್ಟು ಕೊಡಿ ಎಂದು ಕೈಚಾಚುವುದು ಕಲೆಗೂ ಅವಮಾನ, ಕೇಳುಗರಿಗೂ ಅವಮಾನ. ‘ಹಾಲೋ ನೈಟ್’ನಂಥ ಸಣ್ಣ ತಂಡದ ಆಟ ನಾಲ್ಕು ಕಂತಿನ ಹೊಸ ಸಾಮಗ್ರಿಯನ್ನು ಉಚಿತವಾಗಿ ಕೊಟ್ಟಿರುವಾಗ ದೊಡ್ಡವರ ಈ ನಡೆ ಇನ್ನಷ್ಟು ಚುಚ್ಚುತ್ತದೆ.

ಇನ್ನು ಕೊಂಡ ಮೇಲೆ ಕೈಕೊಡುವ ಸಂಗತಿಗಳು. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು, ಆಟ ಒಂದು ಸ್ಟೋರಿನಲ್ಲಿ, ಡಿಎಲ್‌ಸಿ ಇನ್ನೊಂದರಲ್ಲಿ ಕೊಳ್ಳುವುದು. ಎಪಿಕ್‌ನಲ್ಲಿ ಕೊಂಡ ಆಟಕ್ಕೆ ಸ್ಟೀಮ್‌ನ ಡಿಎಲ್‌ಸಿ ಕೂಡುವುದಿಲ್ಲ. ಪ್ಲೇಸ್ಟೇಶನ್ ಡಿಸ್ಕ್‌ಗಳಲ್ಲಿ ಪ್ರದೇಶದ ತೊಡಕೂ ಇದೆ: ಬೇರೆ ಪ್ರದೇಶಕ್ಕೆ ಮೀಸಲಾದ ಡಿಸ್ಕ್ ಅಗ್ಗಕ್ಕೆ ಸಿಕ್ಕಿತೆಂದು ತಂದು, ನಿಮ್ಮ ಖಾತೆಯ ಪ್ರದೇಶದಲ್ಲಿ ಡಿಎಲ್‌ಸಿ ಕೊಂಡರೆ ಎರಡೂ ಒಂದನ್ನೊಂದು ಗುರುತಿಸುವುದಿಲ್ಲ. ಡಿಸ್ಕ್ ಪೆಟ್ಟಿಗೆಯ ಬೆನ್ನಿನ ಮೇಲೆ ಸಿಯುಎಸ್‌ಎ ಅಥವಾ ಪಿಪಿಎಸ್‌ಎ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನು ಹುಡುಕಿ ಪ್ರದೇಶ ಯಾವುದೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಯಂತ್ರದ ಪೀಳಿಗೆಯನ್ನೂ ನೋಡಿ: ‘ಫ್ಯಾಂಟಮ್ ಲಿಬರ್ಟಿ’ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬರಲೇ ಇಲ್ಲ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಜೊತೆ ಡಿಎಲ್‌ಸಿ ಬರುವುದಿಲ್ಲ, ಅದು ಹಳೆಯ ಒಡೆಯರ ಖಾತೆಯಲ್ಲೇ ಉಳಿಯುತ್ತದೆ. ಡಿಎಲ್‌ಸಿ ಹಾಕಿ ಆಡಿದ ಸೇವ್ ಫೈಲನ್ನು ಅದಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆಯಲು ಹೋದರೆ ಎಷ್ಟೋ ಆಟಗಳು ನಿರಾಕರಿಸುತ್ತವೆ, ಇಲ್ಲವೇ ವಸ್ತುಗಳು ಕಾಣೆಯಾಗಿವೆ ಎಂದು ಎಚ್ಚರಿಸುತ್ತವೆ. ಹೊಸ ಡಿಎಲ್‌ಸಿ ಹಾಕುವ ಮುಂಚೆ ಹಳೆಯ ಸೇವ್‌ನ ಒಂದು ನಕಲನ್ನು ಬೇರೆ ಜಾಗದಲ್ಲಿ ಇಟ್ಟುಕೊಳ್ಳಿ.

ರಿಫಂಡ್ ನಿಯಮ ತಿಳಿದಿದ್ದರೆ ಅರ್ಧ ನಷ್ಟ ತಪ್ಪುತ್ತದೆ. ಸ್ಟೀಮ್‌ನಲ್ಲಿ ಡಿಎಲ್‌ಸಿ ಕೊಂಡ 14 ದಿನದೊಳಗೆ, ಕೊಂಡ ಮೇಲೆ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಗಡಿಯಾರ ಓಡುವುದು ಮೂಲ ಆಟದ ಮೇಲೆ ಎಂಬುದನ್ನು ಗಮನಿಸಿ. ಡಿಎಲ್‌ಸಿ ಕೊಂಡು ಅದನ್ನು ಮುಟ್ಟದೆ ಹಳೆಯ ಮಿಶನ್ ಆಡುತ್ತಾ ಕೂತರೂ, ಆಟವನ್ನು ನಡುವೆ ತಡೆದು ನಿಲ್ಲಿಸಿ ಊಟಕ್ಕೆ ಎದ್ದು ಹೋದರೂ ಆ ಎರಡು ಗಂಟೆ ಕರಗುತ್ತದೆ. ಪಾತ್ರದ ಲೆವೆಲನ್ನು ಹಿಂದಿರುಗಿಸಲಾಗದಂತೆ ಏರಿಸುವ ಕೆಲವು ಡಿಎಲ್‌ಸಿಗಳಿಗೆ ರಿಫಂಡ್ ಇಲ್ಲ, ಅದು ಪುಟದಲ್ಲೇ ಬರೆದಿರುತ್ತದೆ. ಪ್ಲೇಸ್ಟೇಶನ್ ಸ್ಟೋರಿನ ನಿಯಮ ಇನ್ನೂ ಬಿಗಿ: 14 ದಿನ ಇದ್ದರೂ ಡೌನ್‌ಲೋಡ್ ಶುರುವಾಯಿತೆಂದರೆ ಹಕ್ಕು ಹೋಯಿತು. ಕೊಂಡ ಕೂಡಲೇ ತಾನಾಗಿ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಆನ್ ಇದ್ದರೆ ಮನಸ್ಸು ಬದಲಿಸಲು ಸಮಯವೇ ಸಿಗದು. ಮೊದಲು ಅದನ್ನು ಆಫ್ ಮಾಡಿ.

ಕೊಂಡದ್ದು ನಮ್ಮಲ್ಲೇ ಉಳಿಯುತ್ತದೆಯೇ ಎಂಬುದು ಇನ್ನೂ ಗಂಭೀರ ಪ್ರಶ್ನೆ. ‘ಡೆಸ್ಟಿನಿ 2’ರಲ್ಲಿ ಹಣ ಕೊಟ್ಟು ಕೊಂಡಿದ್ದ ‘ಕರ್ಸ್ ಆಫ್ ಒಸೈರಿಸ್’ ಮತ್ತು ‘ವಾರ್‌ಮೈಂಡ್’ ಕಥೆಗಳನ್ನು 2020ರ ನವೆಂಬರ್‌ನಲ್ಲಿ ಆಟದಿಂದಲೇ ತೆಗೆದರು. 2022ರ ಫೆಬ್ರವರಿಯಲ್ಲಿ ‘ಫರ್‌ಸೇಕನ್’ ಕಥೆಯೂ ಹೋಯಿತು. ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟದ ಸರ್ವರ್‌ಗಳು 2024ರ ಮಾರ್ಚ್ 31ರಂದು ಮುಚ್ಚಿದಾಗ ಮೂಲ ಆಟದ ಜೊತೆ ಅದರ ಎಕ್ಸ್‌ಪಾನ್ಶನ್‌ಗಳೂ ಮಣ್ಣುಪಾಲಾದವು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು, ಇಂಥ ಡಿಜಿಟಲ್ ಸರಕು ಮಾರುವವರು ಗ್ರಾಹಕರಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆ. ಹೇಳಿದರೆ ಸಾಲದು, ಸರ್ವರ್ ಮುಚ್ಚಿದ ಮೇಲೂ ಆಡಲು ಬರುವಂತೆ ಮಾಡಬೇಕು ಎಂಬುದು ನನ್ನ ನಿಲುವು. ಅಲ್ಲಿಯವರೆಗೆ, ಇಂಟರ್‌ನೆಟ್ ಇಲ್ಲದೆ ತೆರೆಯದ ಆಟದ ಡಿಎಲ್‌ಸಿಯನ್ನು ಬಾಡಿಗೆ ಎಂದೇ ಭಾವಿಸಿ ಬೆಲೆ ಕಟ್ಟಬೇಕು.

ಬೆಲೆ ಕಟ್ಟುವುದಕ್ಕೆ ಗಂಟೆಗೆ ಇಷ್ಟು ಎಂದು ಭಾಗಿಸುವ ಅಭ್ಯಾಸ ಹಲವರಿಗಿದೆ. 60 ಡಾಲರ್ ಕೊಟ್ಟ ಮೂಲ ಆಟ 40 ಗಂಟೆ ಬಂದರೆ ಗಂಟೆಗೆ ಒಂದೂವರೆ. 20 ಕೊಟ್ಟ ಡಿಎಲ್‌ಸಿ ಐದೇ ಗಂಟೆಗೆ ಮುಗಿದರೆ ಗಂಟೆಗೆ ನಾಲ್ಕು. ಅಂದಾಜಿಗೆ ಇದು ಸಾಕು, ತೀರ್ಪಿಗೆ ಸಾಲದು. ‘ವಿಚರ್ 3’ರ ‘ಹಾರ್ಟ್ಸ್ ಆಫ್ ಸ್ಟೋನ್’ ಹತ್ತು ಗಂಟೆಯ ಆಸುಪಾಸಿನದು, ಅದರಲ್ಲಿ ಒಂದು ಮದುವೆಮನೆಯ ಪ್ರಸಂಗಕ್ಕೇ ಕೊಟ್ಟ ಹಣ ಸಾರ್ಥಕ. ಅದೇ ಹತ್ತು ಗಂಟೆಯನ್ನು ನಕ್ಷೆಯ ಮೇಲಿನ ಗುರುತುಗಳನ್ನು ಒಂದೊಂದಾಗಿ ಅಳಿಸುವುದರಲ್ಲೂ ಕಳೆಯಬಹುದು. ಇನ್ನೊಂದು ಎಚ್ಚರಿಕೆ: ರಿಯಾಯಿತಿಯಲ್ಲಿ ಹಳೆಯ ಆಟ ಮುಕ್ಕಾಲು ಪಾಲು ಇಳಿದಿರುತ್ತದೆ, ಡಿಎಲ್‌ಸಿ ಅರ್ಧವಷ್ಟೇ. ಬಿಡಿಯಾಗಿ ಕೂಡಿಸಿ, ಕಂಪ್ಲೀಟ್ ಎಡಿಶನ್ ಬೆಲೆಯ ಪಕ್ಕ ಇಟ್ಟು ನೋಡದೆ ಕಾರ್ಟ್‌ಗೆ ಹಾಕಬೇಡಿ.

ಮಕ್ಕಳ ಕೈಯಲ್ಲಿ ಯಂತ್ರ ಇರುವ ಮನೆಗಳಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಆನ್ ಇರಲಿ, ಕಾರ್ಡ್ ವಿವರ ಉಳಿಸದಿರಲಿ. ಒಳಗೇನಿದೆ ಎಂದು ಹಣ ಕೊಟ್ಟ ಮೇಲಷ್ಟೇ ತಿಳಿಯುವ ಲೂಟ್ ಬಾಕ್ಸ್‌ಗಳು ಜೂಜಿನ ಸಾಲಿಗೆ ಸೇರುತ್ತವೆ. ಬೆಲ್ಜಿಯಂ 2018ರಲ್ಲೇ ಹಾಗೆಂದು ತೀರ್ಮಾನಿಸಿತು. ಅವನ್ನು ಡಿಎಲ್‌ಸಿಯ ಚರ್ಚೆಯಲ್ಲಿ ತರುವುದೇ ಸರಿಯಲ್ಲ.

ತಮ್ಮ ಪತ್ರಿಕೆಗೆ ನನ್ನ ಕೋರಿಕೆ ಇಷ್ಟೇ. ತಂತ್ರಜ್ಞಾನದ ಪುಟದಲ್ಲಿ ಹೊಸ ಆಟಗಳ ಪರಿಚಯ ಬರುವಂತೆ ದೊಡ್ಡ ಡಿಎಲ್‌ಸಿಗಳ ವಿಮರ್ಶೆಯೂ ಬರಲಿ. ಅದರಲ್ಲಿ ಟ್ರೇಲರಿನ ಬಣ್ಣನೆ ಕಡಿಮೆ ಇರಲಿ. ಯಾವ ಹಂತದಲ್ಲಿ ತೆರೆಯುತ್ತದೆ, ಯಾವ ಯಂತ್ರಗಳಲ್ಲಿ ಓಡುತ್ತದೆ, ಕಥೆ ಎಷ್ಟು ಗಂಟೆಯದು, ಉಚಿತ ಅಪ್‌ಡೇಟ್‌ನಲ್ಲಿ ಬಂದದ್ದು ಯಾವುದು, ಇಂಟರ್‌ನೆಟ್ ಇಲ್ಲದೆ ಆಡಬಹುದೇ ಎಂಬ ಐದು ವಿವರಗಳು ತಪ್ಪದೆ ಇರಲಿ. ಆಟ ತಯಾರಿಸುವವರು ತಮ್ಮ ಪುಟದಲ್ಲಿ ಇದನ್ನು ಒಂದೇ ಕಡೆ ಬರೆಯುವುದು ಅಪರೂಪ.

ಇಂತಿ,
ತಮ್ಮ ಓದುಗ