ಮಗಳಿಗೊಂದು ಪತ್ರ: ಮೊಂಡು ಉಳಿಯ ವಿಚಾರ

ಸಾಗರ,
ಭಾನುವಾರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು ಎಂದು ಆರಂಭಿಸುವುದು ನನ್ನ ರೂಢಿ. ಮರ ಕೆತ್ತಲು ಹೋಗಿ ಎಡಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡವಳಿಗೆ ಹಾಗೆ ಬರೆಯಲು ಕೈ ಬರಲಿಲ್ಲ. ಹೊಲಿಗೆ ಬಿಚ್ಚಿದರೆಂದು ನಿನ್ನ ಅಮ್ಮ ಹೇಳಿದಳು. ಹನ್ನೊಂದು ದಿನಗಳಿಂದ ನೀನು ಅವಳಿಗಷ್ಟೇ ಫೋನು ಮಾಡುತ್ತಿರುವುದರಿಂದ ನಿನ್ನ ಸುದ್ದಿಯೆಲ್ಲ ನನಗೆ ಅಡುಗೆಮನೆಯ ಕಡೆಯಿಂದಲೇ ತಲುಪಬೇಕಾಗಿದೆ.

ಅಂದು ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆ ಚಾಕುವನ್ನು ಕಸಕ್ಕೆ ಎಸೆ ಎಂದು ನಾನು ಕೂಗಿದ್ದು ತಪ್ಪು. ಆದರೆ ನೀನು ಕಳುಹಿಸಿದ ಫೋಟೋದಲ್ಲಿ ನಾನು ನೋಡಿದ್ದು ಗಾಯವನ್ನಲ್ಲ, ಮೇಜಿನ ಮೇಲೆ ಪಕ್ಕದಲ್ಲೇ ಬಿದ್ದಿದ್ದ ಚಾಕುವನ್ನು. ಅದರ ಅಂಚಿನುದ್ದಕ್ಕೂ ಒಂದು ಬಿಳಿಯ ಗೆರೆ ಹೊಳೆಯುತ್ತಿತ್ತು. ಹರಿತವಾದ ಅಂಚು ಬೆಳಕಿಗೆ ಹಿಡಿದರೆ ಕಾಣಿಸುವುದೇ ಇಲ್ಲ. ಹೊಳೆಯಿತೆಂದರೆ ಅಲ್ಲಿ ಮೊಂಡಾಗಿದೆ ಎಂದೇ ಅರ್ಥ. ಮೊಂಡು ಚಾಕು ಮರವನ್ನು ಕಚ್ಚುವುದಿಲ್ಲವಾದ್ದರಿಂದ ನಾವು ಬಲ ಹಾಕುತ್ತೇವೆ, ಬಲ ಹಾಕಿದಾಗ ಅದು ಜಾರುತ್ತದೆ, ಜಾರಿದ್ದು ಎದುರಿಗಿರುವ ಕೈಗೆ ಬಂದು ನಿಲ್ಲುತ್ತದೆ.

ನನ್ನ ಮಡಚಲಾಗದ ತೋರುಬೆರಳಿನ ಕತೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಅದಕ್ಕೂ ಹತ್ತು ನಿಮಿಷ ಮೊದಲಿನದು. ಆಗ ನನಗೆ ಹದಿನಾಲ್ಕು. ಅಜ್ಜ ಶಿವನೆ ಮರದ ಮಂಟಪವೊಂದನ್ನು ಕೆತ್ತುತ್ತಿದ್ದರು. ಅಂಚಿನ ಬಳ್ಳಿ ನನ್ನ ಪಾಲಿನ ಕೆಲಸವಾಗಿತ್ತು. "ಸಾಣೆ ಹಿಡಿದೆಯೇನೋ?" ಎಂದು ಅವರು ತಲೆಯೆತ್ತದೆ ಕೇಳಿದರು. ನಾನು ಹೂಂ ಎಂದೆ. ಹಿಡಿದಿರಲಿಲ್ಲ. ಹಿಂದಿನ ಸಂಜೆ ಟೆಂಟ್ ಸಿನಿಮಾಕ್ಕೆ ಹೋಗಿದ್ದೆ. ಆಸ್ಪತ್ರೆಯಿಂದ ರಾತ್ರಿ ಮನೆಗೆ ಬಂದಾಗ ಅಜ್ಜ ಜಗಲಿಯಲ್ಲಿ ಲಾಟೀನಿನ ಮುಂದೆ ಕುಳಿತು ಅದೇ ಉಳಿಯ ಅಂಚನ್ನು ತಮ್ಮ ಹೆಬ್ಬೆರಳಿನ ಉಗುರಿನ ಮೇಲಿಟ್ಟು ನೋಡುತ್ತಿದ್ದರು. ಹರಿತವಾದ ಉಳಿ ಉಗುರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅದು ಜಾರಿತು. ಅವರು ಮತ್ತೊಮ್ಮೆ ಇಟ್ಟರು, ಮತ್ತೆ ಜಾರಿತು. ನನ್ನ ಮುಖವನ್ನು ನೋಡಿದರು, ಏನೂ ಕೇಳಲಿಲ್ಲ, ಕಲ್ಲಿಗೆ ನೀರು ಚಿಮುಕಿಸಿ ಉಜ್ಜಲು ಕುಳಿತರು. ಆ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅವರು ತೀರಿಹೋಗುವವರೆಗೂ ನಾವಿಬ್ಬರೂ ಆ ಹೂಂ ಕುರಿತು ಮಾತನಾಡಲಿಲ್ಲ, ನಾನು ಮತ್ತೆ ಉಳಿ ಹಿಡಿಯಲೂ ಇಲ್ಲ. ಎಲ್ಲರೂ ಬೆರಳಿನಿಂದಾಗಿ ಬಿಟ್ಟೆನೆಂದುಕೊಂಡರು. ಬಳ್ಳಿ ಕೆತ್ತಲು ಒಂಬತ್ತು ಬೆರಳು ಸಾಕಾಗುತ್ತಿತ್ತು.

ಉಪದೇಶ ಮಾಡಬಾರದೆಂದು ನಿರ್ಧರಿಸಿಯೇ ಕುಳಿತಿದ್ದೇನೆ. ಆದರೂ ಹೇಳುತ್ತೇನೆ. ಹೊಸ ಚಾಕು ಅಂಗಡಿಯಿಂದ ಹರಿತವಾಗಿಯೇ ಬರುತ್ತದೆಂದು ನಂಬಬೇಡ. ಅಂಚಿನ ಇಳಿಜಾರು ಕಲ್ಲಿಗೆ ಪೂರ್ತಿ ಒರಗುವಂತೆ ಹಿಡಿದು, ಮೊದಲು 1000 ನಂಬರಿನ ಕಲ್ಲಿನಲ್ಲಿಯೂ ಆಮೇಲೆ ಅದಕ್ಕಿಂತ ನುಣುಪಾದ 6000 ನಂಬರಿನದರಲ್ಲಿಯೂ ಉಜ್ಜು. ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದುಕೊಂಡರೆ ಎಲ್ಲಿ ಸವೆಯುತ್ತಿದೆ, ಎಲ್ಲಿ ಕಲ್ಲು ತಾಗುತ್ತಿಲ್ಲ ಎಂಬುದು ತಿಳಿಯುತ್ತದೆ. ಕೊನೆಗೆ ಪಾಲಿಶ್ ಸವರಿದ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆ ಮಾತ್ರ ಎಳೆ. ಮುಂದಕ್ಕೆ ತಳ್ಳಿದರೆ ಚರ್ಮ ಕೊಯ್ದುಹೋಗುತ್ತದೆ. ಕೆತ್ತುತ್ತಿರುವಾಗಲೂ ಅರ್ಧ ಗಂಟೆಗೊಮ್ಮೆ ಎದ್ದು ಹತ್ತಿಪ್ಪತ್ತು ಸಲ ಪಟ್ಟಿಗೆ ಎಳೆದು ಬಾ. ಮೆದು ಮರದ ತುದಿಯನ್ನು ನಾರಿನ ಎಳೆಗೆ ಅಡ್ಡವಾಗಿ ಕತ್ತರಿಸಿದಾಗ ಮೇಲ್ಮೈ ನುಣ್ಣಗೆ ಮಿನುಗಿದರೆ ಅಂಚು ಸರಿಯಿದೆ, ಪುಡಿ ಪುಡಿಯಾದರೆ ಇಲ್ಲ.

ನಿನ್ನ ಗುಬ್ಬಚ್ಚಿಯ ಫೋಟೋವನ್ನೂ ಅಮ್ಮ ತೋರಿಸಿದಳು. ಕೊಕ್ಕು ಮುರಿದದ್ದಕ್ಕೆ ನೀನು ಕೈಯನ್ನು ದೂರಿದೆಯಂತೆ. ತಪ್ಪು ನಡೆದದ್ದು ಕೆತ್ತುವ ಮೊದಲೇ, ಮರದ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದಾಗ. ಮರದ ಎಳೆ ಹಕ್ಕಿಯ ಕಾಲಿನಿಂದ ತಲೆಗೆ ಓಡಿದೆ, ಕೊಕ್ಕು ಅದಕ್ಕೆ ಅಡ್ಡವಾಗಿ ಚಾಚಿದೆ. ಅಷ್ಟು ಸಣ್ಣ ಭಾಗಕ್ಕೆ ಅಡ್ಡ ಎಳೆಯಲ್ಲಿ ಬಲವೆಲ್ಲಿಂದ ಬರಬೇಕು? ತೆಳ್ಳಗಿನ ಭಾಗ ಯಾವ ದಿಕ್ಕಿಗಿದೆಯೋ ಎಳೆಯೂ ಆ ದಿಕ್ಕಿಗೇ ಇರುವಂತೆ ತುಂಡನ್ನು ಆರಿಸಿಕೋ. ಆದರೆ ಕುತ್ತಿಗೆಯಿಂದ ಬೆನ್ನಿಗೆ ಇಳಿದಿರುವ ಆ ತಿರುವು, ಅದನ್ನು ನಿನಗೆ ಯಾರು ಹೇಳಿಕೊಟ್ಟರು? ಮರಳುಕಾಗದದಿಂದ ಉಜ್ಜದೆ ಚಾಕುವಿನ ಗುರುತುಗಳನ್ನು ಹಾಗೆಯೇ ಬಿಟ್ಟದ್ದು ಇನ್ನೂ ಚೆನ್ನಾಗಿದೆ. ಆ ಫೋಟೋವನ್ನು ಇಲ್ಲಿ ನಾಲ್ಕು ಜನರಿಗೆ ತೋರಿಸಿದ್ದೇನೆ, ಕೊಕ್ಕಿನ ವಿಷಯ ಹೇಳಲಿಲ್ಲ.

ನೀನು ತರಿಸಿಕೊಂಡ ಬಾಸ್‌ವುಡ್ ಎಂಬ ಮೆದು ಮರ ಕಲಿಯುವವರಿಗೆ ಒಳ್ಳೆಯದೇ. ಅದು ಮುಗಿದ ಮೇಲೆ ನಮ್ಮ ಶಿವನೆಯನ್ನು ನೋಡು. ಬೀಟೆ ಈಗಲೇ ಬೇಡ, ಅದರ ಗಟ್ಟಿತನ ಕೈಯನ್ನು ಸೋಲಿಸುತ್ತದೆ. ಗಂಧದ ಎಳೆ ನವುರಾದದ್ದು, ಸಾಗರ, ಸೊರಬದ ಗುಡಿಗಾರರೆಂಬ ಕೆತ್ತನೆಗಾರರ ಹೆಸರು ಬೆಳೆದದ್ದೇ ಅದರಿಂದ, ಆದರೆ ಕಲಿಯುವಾಗ ಹಾಳುಮಾಡುವಷ್ಟು ಅಗ್ಗದ ಮರವಲ್ಲ ಅದು. ಇನ್ನೊಂದು ಮಾತು. ನೆಲದ ಮೇಲೆ ಕುಳಿತು ಪಾದಗಳ ನಡುವೆ ತುಂಡನ್ನು ಒತ್ತಿಹಿಡಿದು ಕೆತ್ತುವವರ ವಿಡಿಯೋ ನೋಡಿ ಹಾಗೆ ಮಾಡಲು ಹೋಗಬೇಡ. ಅದು ಚಿಕ್ಕಂದಿನಿಂದ ಕುಳಿತವರಿಗೆ ಒಗ್ಗುವ ಭಂಗಿ. ನೀನು ಹಲಗೆಯನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿದು, ಎರಡು ಕೈಗಳೂ ಅಂಚಿನ ಹಿಂದೆ ಇರುವಂತೆ ಉಳಿ ನಡೆಸು. ಕೈಯಲ್ಲೇ ಹಿಡಿದು ಕೆತ್ತಬೇಕಾದಾಗ ಎಡಗೈಗೆ ಕೊಯ್ತ ತಡೆಯುವ ಕೈಗವಸು ಇರಲಿ. ಕೈಗವಸಿದೆಯೆಂದು ಮೊಂಡು ಚಾಕು ಹಿಡಿಯಬೇಡ. ನೋಡು, ಮತ್ತೆ ಅಲ್ಲಿಗೇ ಬಂದೆ.

ಅಜ್ಜನ ಉಳಿಗಳನ್ನು ನೀನು ಎರಡು ಸಲ ಕೇಳಿದ್ದೆ. ತುಕ್ಕು ಹಿಡಿದು ಹಾಳಾದವು ಎಂದಿದ್ದೆ. ಹಾಳಾಗಿರಲಿಲ್ಲ. ಇಪ್ಪತ್ತಮೂರು ಉಳಿಗಳನ್ನೂ ಕೊಡತಿಯನ್ನೂ ಸೊರಬದ ಕಡೆಯ ಒಬ್ಬ ಕೆತ್ತನೆಗಾರನಿಗೆ ಮಾರಿದೆ. ಹಣದ ಅಡಚಣೆಯೇನೂ ಇರಲಿಲ್ಲ. ಅವು ಮನೆಯಲ್ಲಿರುವುದು ನನಗೆ ಬೇಡವಾಗಿತ್ತು. ನಿನ್ನನ್ನು ಕೇಳಬೇಕಿತ್ತೆಂದು ಈಗ ಅನ್ನಿಸುತ್ತದೆ, ಆಗ ನೀನು ಎರಡನೆಯ ತರಗತಿಯಲ್ಲಿದ್ದೆ ಎಂಬುದು ನೆಪವಾಗಲಾರದು. ಸಾಣೆಕಲ್ಲು ಮಾತ್ರ ಅವನಿಗೆ ಬೇಡವಾಯಿತು, ನಡುವೆ ಸವೆದು ತಗ್ಗಾಗಿದೆ ಎಂದು.

ಆ ಕಲ್ಲನ್ನು ಈ ಪತ್ರದ ಜೊತೆ ಪಾರ್ಸೆಲ್ಲಿನಲ್ಲಿ ಕಳುಹಿಸಿದ್ದೇನೆ, ನಾಲ್ಕು ಶಿವನೆ ತುಂಡುಗಳೂ ಇವೆ. ನೇರ ಅಂಚಿನ ಚಾಕುವಿಗೆ ಅದು ಬಾರದು. ಮುಂದೆ ಬಾಗಿದ ಬಾಯಿಯ ಉಳಿಗಳನ್ನು ಕೊಂಡಾಗ ಅವುಗಳ ಬೆನ್ನು ಉಜ್ಜಲು ಆ ತಗ್ಗು ಸರಿಹೊಂದುತ್ತದೆ. ಉಜ್ಜುವ ಮೊದಲು ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡು. ಹೊಲಿಗೆ ಬಿಚ್ಚಿದ ಜಾಗದ ಚರ್ಮ ಇನ್ನೂ ಎಳೆಯದಾಗಿರುವುದರಿಂದ ಎರಡು ವಾರ ಏನನ್ನೂ ಕೆತ್ತಬೇಡ. ಫೋನು ಅಮ್ಮನಿಗೇ ಮಾಡು, ಅಡ್ಡಿಯಿಲ್ಲ. ಕಲ್ಲು ಒಡೆಯದೆ ಬಂತೋ ಇಲ್ಲವೋ ಎಂಬುದನ್ನು ಮಾತ್ರ ನನಗೆ ತಿಳಿಸಲು ಹೇಳು.

ಇತಿ,
ನಿನ್ನ ಅಪ್ಪ